ಗೋಡೆಯ ಮೇಲಿನ ಚಿಕ್ಕಮ್ಮ

ನಮ್ಮ ಅಪ್ಪ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ, ಇನ್ನೂ ಎಷ್ಟು ವಾರ ಅಟ್ಟದ ಮೇಲೆ ಇರಬೇಕು, ಒಡೆದರೆ ಉಂಡೆ ಬೆಳ್ಳಗೆ ಬರುತ್ತದೋ ಕಪ್ಪು ಹಿಡಿದಿರುತ್ತದೋ ಎಲ್ಲವನ್ನೂ ಹೇಳಿಬಿಡುತ್ತಿದ್ದ. ಒಂದೇ ಗೊನೆಯ ಎರಡು ಕಾಯಿಗಳಿಗೆ ಇರುವ ವ್ಯತ್ಯಾಸ ಅವನಿಗೆ ಗೊತ್ತಾಗುತ್ತಿತ್ತು. ಅಂಥ ಮನುಷ್ಯನಿಗೆ ಹನ್ನೊಂದು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಯ ಮುಖಕ್ಕೂ ಅವಳ ತಂಗಿಯ ಮುಖಕ್ಕೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಿಬಿಡು ಎಂದು ಬುದ್ಧಿ ಹೇಳುವವರು ಬಹಳ ಜನ ಸಿಕ್ಕಿದ್ದಾರೆ. ಅವರ ಅವ್ವಂದಿರ ಫೋಟೋಗಳು ಅವರವರ ಮನೆಯಲ್ಲಿ ಸರಿಯಾಗಿಯೇ ಇವೆ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ ಇಳಿದು ತೋಟಗಳ ನಡುವೆ ಎರಡು ಮೈಲಿ ನಡೆದರೆ ನಮ್ಮೂರು. ಅವ್ವ ಮಾತ್ರ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಊರಿನವಳು. ರಾಗಿ ಹೊಲ, ಕುರಿಮಂದೆ ಕಂಡು ಬೆಳೆದವಳು, ತೆಂಗಿನ ತೋಟದ ಮನೆಗೆ ಸೊಸೆಯಾಗಿ ಬಂದಳು. ಎಪ್ಪತ್ತರ ದಶಕದ ಶುರುವಿನಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. ನಮ್ಮವರ ಪದ್ಧತಿಯಂತೆ ತೋಟದ ಮೂಲೆಯಲ್ಲಿ ಕೂರಿಸಿ, ವಿಭೂತಿ ಇಟ್ಟು, ಮಣ್ಣು ಮಾಡಿದರು.

ಅವ್ವನದು ಅಂತ ಒಂದು ಫೋಟೋ ಇರಲಿಲ್ಲ. ಮದುವೆಯಲ್ಲಿ ತೆಗೆಸಿದ್ದೊಂದು ಇತ್ತು. ಅದರಲ್ಲಿ ಅಪ್ಪ ಮೀಸೆ ಹುರಿಮಾಡಿಕೊಂಡು ಕ್ಯಾಮೆರಾವನ್ನೇ ನುಂಗುವ ಹಾಗೆ ನೋಡುತ್ತಿದ್ದಾನೆ. ಪಕ್ಕದಲ್ಲಿ ಅವ್ವನ ಬೈತಲೆ, ಬಾಸಿಂಗ, ಹೆಗಲ ಮೇಲಿನ ಸೆರಗು ಇಷ್ಟೇ ಕಾಣುತ್ತದೆ. ಮದುವಣಗಿತ್ತಿ ತಲೆ ಎತ್ತಬಾರದು ಎಂದು ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಹಿಂದೆ ನಿಂತು ಬೆನ್ನಿಗೆ ತಿವಿದಿದ್ದಳಂತೆ. ತಿವಿದದ್ದನ್ನು ಅಜ್ಜಿ ದೊಡ್ಡಸ್ತಿಕೆಯ ಕಥೆಯ ಹಾಗೆ ಹೇಳಿಕೊಳ್ಳುತ್ತಿದ್ದಳು.

ವರ್ಷ ತುಂಬುತ್ತ ಬಂದಂತೆ ಎಡೆಯ ಮಾತು ಎದ್ದಿತು. ತೀರಿಹೋದವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಅವರಿಗೆ ಇಷ್ಟವಾದ ಅಡಿಗೆ ಮಾಡಿ, ಬಾಳೆಲೆಯಲ್ಲಿ ಬಡಿಸಿ, ಹೂ ಇಟ್ಟು ಕೈಮುಗಿಯುವುದೇ ಎಡೆ. ಹಿಂದೆಲ್ಲ ಒಂದು ಕಳಸವೋ ಸೀರೆಯೋ ಇಟ್ಟರೆ ನಡೆದುಹೋಗುತ್ತಿತ್ತು. ಆದರೆ ಅಷ್ಟರಲ್ಲಿ ಕೊಬ್ಬರಿಯಿಂದ ಸ್ವಲ್ಪ ಚೇತರಿಸಿಕೊಂಡ ಮನೆಗಳಲ್ಲೆಲ್ಲ ಸತ್ತವರಿಗೆ ಕಟ್ಟು ಹಾಕಿಸಿದ ದೊಡ್ಡ ಪಟ ಇರಬೇಕು ಎನ್ನುವ ಹೊಸ ಶೋಕಿ ಶುರುವಾಗಿತ್ತು.

"ನಾಳೆ ನೆಂಟ್ರು ಬಂದು ಪಟ ಎಲ್ಲಪ್ಪಾ ಅಂದ್ರೆ ಬರೀ ಗೋಡೆ ತೋರ್ಸ್ಲಾ?" ಎಂದು ಅಪ್ಪ ಕೂತಲ್ಲಿ ನಿಂತಲ್ಲಿ ಗೊಣಗುತ್ತಿದ್ದ.

ಅವ್ವನ ತಂಗಿ, ನನ್ನ ಚಿಕ್ಕಮ್ಮ, ಆಗ ನಮ್ಮ ಮನೆಯಲ್ಲೇ ಇದ್ದಳು. ನನ್ನನ್ನು ನೋಡಿಕೊಳ್ಳಲಿ ಎಂದು ಅವ್ವನ ತೌರಿನವರು ಕಳಿಸಿದ್ದರು. ಹತ್ತೊಂಬತ್ತು ವರ್ಷ ಇರಬೇಕು. ಒಂದು ದಿನ ಅವಳು ರೊಟ್ಟಿ ತಟ್ಟುತ್ತಿರುವಾಗ ಅಜ್ಜಿ ದಿಟ್ಟಿಸಿ ನೋಡಿ ಅಪ್ಪನಿಗೆ ಹೇಳಿದಳು: "ಒಂದೇ ಬಳ್ಳಿ ಕಾಯಿ ಕಣ್ಲಾ. ಇವ್ಳನ್ನೇ ಕೂರ್ಸಿ ತೆಗ್ಸು. ಅಕ್ಕನ ಸೀರೆ ಉಡ್ಸುದ್ರೆ ಆಯ್ತು, ಏನ್ ಮಹಾ ಯತ್ಯಾಸ?"

ಇಂಥ ಮಾತನ್ನು ಕೇಳಿ ಅಪ್ಪ ನಗಬೇಕಿತ್ತು, ಇಲ್ಲ ಬೈಯಬೇಕಿತ್ತು. ಅವನು "ಅದೂ ಸರೀನೆ" ಎಂದ.

ತಿಪಟೂರಿಗೆ ಹೊರಟ ದಿನ ನಾನೂ ಹಟ ಮಾಡಿ ಜೊತೆಗೆ ಹೋದೆ. ಸ್ಟುಡಿಯೋ ಒಂದು ಮಹಡಿಯ ಮೇಲಿತ್ತು. ಫೋಟೋ ತೆಗೆದು, ದೊಡ್ಡದು ಮಾಡಿ, ಅದರ ಮೇಲೆ ಕೈಯಿಂದ ಬಣ್ಣ ಹಚ್ಚಿ ಕೊಡುವವನು ಒಬ್ಬನೇ. ಚಿಕ್ಕಮ್ಮ ಪರದೆಯ ಹಿಂದೆ ಹೋಗಿ ಅವ್ವನ ಹಸಿರು ಸೀರೆ ಉಟ್ಟು, ಅವ್ವನ ಮೂಗುಬೊಟ್ಟು ಇಟ್ಟುಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಕೂತವಳೇ ಅಳುವುದಕ್ಕೆ ಶುರುಮಾಡಿದಳು.

"ಅಳ್ಬೇಡಮ್ಮ, ಕಣ್ಣು ಊದ್ಕೊಂತದೆ. ತೀರ್ಕೊಂಡೋರು ಅತ್ತಂಗೆ ಕಾಣ್ಬಾರ್ದು" ಎಂದು ಫೋಟೋದವನು ಸಮಾಧಾನ ಮಾಡಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು ಅನ್ನಿಸುತ್ತದೆ. ಆದರೂ ಆ ಮಾತು ನೆನಪಾದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆಮೇಲೆ ಅವನು ಒಂದು ಚೀಟಿ ಹಿಡಿದುಕೊಂಡು ಅಪ್ಪನನ್ನು ಕೇಳಿದ: "ನಿಮ್ಮನೆಯೋರ ಮುಖದಾಗೆ ಗುರುತು ಏನಾದ್ರೂ ಇತ್ತಾ? ಮಚ್ಚೆ, ಗಿಚ್ಚೆ? ಹೇಳಿ, ಬಣ್ಣದಾಗೆ ಸೇರುಸ್ತೀನಿ."

ಅಪ್ಪ ಸೂರು ನೋಡಿದ, ಕಿಟಕಿ ನೋಡಿದ. "ಏನಿಲ್ಲ, ಚೆನ್ನಾಗಿದ್ಲು" ಎಂದ.

"ಗದ್ದದ ಮೇಲೆ ಸುಟ್ಟ ಕಲೆ ಐತೆ" ಎಂದು ನಾನು ಕೂಗಿದೆ. ಚಿಕ್ಕಂದಿನಲ್ಲಿ ಒಲೆಯ ಕೆಂಡ ಸಿಡಿದು ಆದ ಕಲೆ, ಹುಣಸೆಬೀಜದಷ್ಟು. ಮಲಗುವಾಗ ನಾನು ಅದರ ಮೇಲೆ ಬೆರಳಿಟ್ಟುಕೊಂಡೇ ಮಲಗುತ್ತಿದ್ದವಳು. "ಎಡಗಣ್ಣು ಒಸಿ ಚಿಕ್ಕದು. ನಗುವಾಗ..."

"ಬಾಯ್ ಮುಚ್ಚು. ಪಟದಾಗೆ ಯಾವಳಾದ್ರೂ ಸುಟ್ಟ ಕಲೆ ಬರುಸ್ತಾಳಾ?" ಎಂದು ಅಪ್ಪ ಗದರಿದ. ಫೋಟೋದವನು ಚೀಟಿಯನ್ನು ಮಡಿಸಿ ಜೇಬಿಗಿಟ್ಟ.

ಮೂರು ವಾರಕ್ಕೆ ಪಟ ಬಂತು. ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು, ಹಿಂದೆ ಯಾವ ಊರಿನದೋ ಸರೋವರ. ಪಡಸಾಲೆಯಲ್ಲಿ ಮೊಳೆ ಹೊಡೆದು ತೂಗುಹಾಕಿದರು. ಎಡೆಗೆ ಬಂದ ನೆಂಟರು ಒಬ್ಬರಾದ ಮೇಲೊಬ್ಬರು "ನಿಮ್ಮವ್ವ ಎದ್ ಬಂದಂಗೇ ಐತೆ ಕಣೇ" ಎಂದು ನನ್ನ ತಲೆ ಸವರಿದರು. ಅವ್ವನನ್ನು ಹತ್ತಾರು ವರ್ಷ ಕಂಡವರು, ಅವಳ ಕೈಯಡಿಗೆ ಉಂಡವರು! ಹಣೆಗೆ ಮೂರು ಬೆರಳು ವಿಭೂತಿ ಬಳಿದು ಹೂವಿನ ಹಾರ ಹಾಕಿದರೆ ಯಾವ ಹೆಂಗಸಾದರೂ ನಡೆಯುತ್ತದೆ ಎನ್ನುವುದು ನನಗೆ ಹತ್ತನೆಯ ವರ್ಷದಲ್ಲೇ ತಿಳಿಯಿತು.

ಎಡೆ ಮುಗಿದು ಎರಡು ತಿಂಗಳಿಗೆ ಅಪ್ಪ ಚಿಕ್ಕಮ್ಮನನ್ನು ಮದುವೆಯಾದ. ಮಗುವಿಗೆ ಬೇರೆ ಯಾರೋ ಬರುವುದಕ್ಕಿಂತ ಸ್ವಂತ ತಂಗಿಯೇ ಬಂದರೆ ಒಳ್ಳೆಯದಲ್ಲವೆ ಎಂದು ಎರಡೂ ಕಡೆಯ ಹಿರಿಯರು ತೀರ್ಮಾನಿಸಿದರು. ಮಗುವನ್ನು ಯಾರೂ ಕೇಳಲಿಲ್ಲ. ಹತ್ತೊಂಬತ್ತರ ಹುಡುಗಿಯನ್ನೂ ಕೇಳಲಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯುವುದಕ್ಕೆ ಎಂಟು ವರ್ಷ ಬೇಕಾಯಿತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಕೆಲಸ ನಡೆಯುತ್ತಿತ್ತು. ಚಿಕ್ಕಮ್ಮ ಸ್ನಾನ ಮಾಡಿ, ಒದ್ದೆಬಟ್ಟೆಯಿಂದ ಪಟದ ಗಾಜು ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸಿ ಕೈಮುಗಿಯುತ್ತಿದ್ದಳು. ಸವತಿಯ ಪಟಕ್ಕೆ, ಅದರಲ್ಲೂ ಅಕ್ಕನ ಪಟಕ್ಕೆ, ಎರಡನೆಯವಳೇ ಪೂಜೆ ಮಾಡಬೇಕು ಎಂದು ಅಜ್ಜಿಯ ಅಪ್ಪಣೆ. ಗಾಜಿನ ಒಳಗೂ ಅದೇ ಮುಖ, ಹೊರಗೂ ಅದೇ ಮುಖ. ನಾನು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದೆ. ನನಗೆ ಅವಳ ಮೇಲೆ ಅಯ್ಯೋ ಅನ್ನಿಸುತ್ತಿರಲಿಲ್ಲ. ಅವ್ವನ ಸೀರೆ ಉಟ್ಟಳು, ಅವ್ವನ ಮನೆಗೆ ಬಂದಳು, ಗೋಡೆಯ ಮೇಲಿನ ಜಾಗವನ್ನೂ ಬಿಡಲಿಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ಪಟಕ್ಕೆ ನಾನೇ ಒಂದು ಹೆಸರು ಇಟ್ಟುಕೊಂಡಿದ್ದೆ, ಗೋಡೆ ಚಿಕ್ಕಮ್ಮ. ಒಲೆ ಚಿಕ್ಕಮ್ಮ ಅಡಿಗೆ ಮಾಡುತ್ತಾಳೆ, ಗೋಡೆ ಚಿಕ್ಕಮ್ಮ ಹೂ ಮುಡಿಯುತ್ತಾಳೆ. ಅವಳ ಎದುರಿಗೇ ಇದನ್ನು ರಾಗ ಕಟ್ಟಿ ಹಾಡಿದ್ದೇನೆ. ಅವಳು ಎರಡು ಸಲ ಬಸುರಾಗಿ ಎರಡು ಸಲವೂ ನಿಲ್ಲದೆ ಹೋದಾಗ ಒಂದು ಲೋಟ ನೀರೂ ಕೊಟ್ಟವಳಲ್ಲ ನಾನು.

ಹದಿಮೂರನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಶಾಲೆಯಲ್ಲಿ ಕೂತು, ಸುಮ್ಮನೆ, ಅವ್ವನನ್ನು ನೆನೆಸಿಕೊಂಡೆ. ಕಣ್ಣು ಮುಚ್ಚಿದರೆ ಬಂದದ್ದು ಪಟ. ಗುಲಾಬಿ ಕೆನ್ನೆ, ಹಿಂದೆ ಸರೋವರ. ಬೇರೆ ದಿನ ನೆನೆಸಿಕೊಂಡೆ, ಆಗಲೂ ಪಟ. ಅವ್ವನ ದನಿ ಇತ್ತು, ಸೀರೆಗೆ ಹತ್ತಿದ ಹೊಗೆಯ ವಾಸನೆ ಇತ್ತು, ಗದ್ದದ ಕಲೆ ಬೆರಳಿಗೆ ಗೊತ್ತಿತ್ತು. ಆ ಗದ್ದ ಯಾವ ಮುಖಕ್ಕೆ ಸೇರಿದ್ದು ಎನ್ನುವುದು ಅಳಿಸಿಹೋಗಿತ್ತು. ನನಗೆ ಅಳು ಬರಲಿಲ್ಲ. ಜ್ವರ ಅವ್ವನನ್ನು ನಾಲ್ಕು ದಿನದಲ್ಲಿ ತೆಗೆದುಕೊಂಡು ಹೋಯಿತು, ಇವರು ನಾಲ್ಕು ವರ್ಷ ತೆಗೆದುಕೊಂಡು ಮಿಕ್ಕಿದ್ದನ್ನೂ ಮುಗಿಸಿದರು ಎಂದು ಸಿಟ್ಟು ನೆತ್ತಿಗೇರಿತು. ಆ ಮುಖವನ್ನು ವಾಪಸು ತರದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ನಮ್ಮ ಕಡೆಯ ಮನೆಗಳಲ್ಲಿ ಕಾಯಿ ಇಡುವ ಅಟ್ಟದ ಕೆಳಗೆ ಒಂದು ಕತ್ತಲ ಕೋಣೆ ಇರುತ್ತದೆ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು ಒಣಗಬೇಕು. ಮಳೆ ಹಿಡಿದಾಗ ತಂಪೇರಿ ಕೊಬ್ಬರಿ ಕೊಳೆಯಬಾರದು ಅಂತ ಕೆಳಗಿನ ಕೋಣೆಯಲ್ಲಿ ತೆಂಗಿನ ಮಟ್ಟೆ ಹಚ್ಚಿ ಹೊಗೆ ಹಾಕುತ್ತಾರೆ. ತಲೆಮಾರುಗಳ ಹೊಗೆ ಕುಡಿದು ನಮ್ಮ ಕೋಣೆಯ ಗೋಡೆ ಬಳಪದ ಹಲಗೆಗಿಂತ ಕಪ್ಪಗಿತ್ತು. ಹಬ್ಬಕ್ಕೆ ಮನೆಗೆಲ್ಲ ಸುಣ್ಣ ಕಾರಣೆ ಆದರೂ ಆ ಕೋಣೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಟ್ಟೆ ಹಚ್ಚುವ ಚಿಕ್ಕಮ್ಮ ಒಬ್ಬಳನ್ನು ಬಿಟ್ಟರೆ ಯಾರೂ ಕಾಲಿಡುತ್ತಲೂ ಇರಲಿಲ್ಲ. ನಾನು ಮಟ್ಟೆಯ ನಾರನ್ನು ಜಜ್ಜಿ, ಕಡ್ಡಿಗೆ ಕಟ್ಟಿ ಕುಂಚ ಮಾಡಿಕೊಂಡೆ. ಒಂದು ಚಿಪ್ಪಿನಲ್ಲಿ ಸುಣ್ಣ, ಇನ್ನೊಂದರಲ್ಲಿ ಕೆಮ್ಮಣ್ಣು. ಶಾಲೆಯಿಂದ ಬಂದು, ತೋಟದಿಂದ ಅಪ್ಪ ಬರುವುದರೊಳಗೆ, ಆ ಕರಿ ಗೋಡೆಯ ಮೇಲೆ ಅವ್ವನ ಮುಖ ಬರೆಯುವುದಕ್ಕೆ ಹೊರಟೆ.

ಬರೆದದ್ದೆಲ್ಲ ಗೋಡೆ ಚಿಕ್ಕಮ್ಮನೇ ಆಗುತ್ತಿತ್ತು. ಹುಬ್ಬು ಬದಲಾಯಿಸಿದರೂ ಅವಳೇ, ಮೂಗು ಬದಲಾಯಿಸಿದರೂ ಅವಳೇ. ಒದ್ದೆಬಟ್ಟೆಯಿಂದ ಒರೆಸಿ, ಕುಂಚವನ್ನು ಗೋಡೆಗೆ ಬೀಸಿ ಎಸೆದು, ಚಿಪ್ಪನ್ನು ಕಾಲಿನಿಂದ ಒದ್ದು ಹೊರಗೆ ಬರುತ್ತಿದ್ದೆ. ಮಾರನೆಯ ದಿನ ಮತ್ತೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ಎರಡು ವಾರ ಮಟ್ಟೆ ಉರಿದರೆ ಸುಣ್ಣದ ಗೆರೆಯೆಲ್ಲ ಹೊಗೆ ಹಿಡಿದು ಗೋಡೆ ಮತ್ತೆ ಕಪ್ಪಾಗುತ್ತಿತ್ತು. ಅದೊಂದು ಉಪಕಾರ, ನನ್ನ ಸೋಲು ಬಹಳ ದಿನ ಉಳಿಯುತ್ತಿರಲಿಲ್ಲ.

ಒಂದೆರಡು ವರ್ಷ ಹೀಗೆ ಗುದ್ದಾಡಿದ ಮೇಲೆ ಮುಖದ ತಂಟೆಗೆ ಹೋಗುವುದನ್ನು ಬಿಟ್ಟೆ. ಪಟದಲ್ಲಿ ಇಲ್ಲದ್ದನ್ನು ಬರೆಯೋಣ ಎಂದುಕೊಂಡೆ. ಪಟದಲ್ಲಿ ಅವ್ವನ ಹಿಮ್ಮಡಿ ಇರಲಿಲ್ಲವಲ್ಲ, ಹಿಮ್ಮಡಿ ಬರೆದೆ, ಬಿರುಕಿನ ಸಮೇತ. ಒಲೆ ಊದುವಾಗ ಬಾಗಿದ ಕತ್ತಿನ ಹಿಂಭಾಗ, ಅಲ್ಲಿ ಗಂಟಿಗೆ ಸಿಕ್ಕದ ಗಿಡ್ಡ ಕೂದಲು. ಮಚ್ಚಿನಿಂದ ಕಾಯಿ ಒಡೆಯುವಾಗ ಮೇಲೆದ್ದ ಮೊಣಕೈ. ಇವು ಬಂದವು! ಯಾರ ಅಪ್ಪಣೆಯನ್ನೂ ಕೇಳದೆ ಬಂದವು. ಒಂದು ಸಂಜೆ ಸುಣ್ಣದ ನಾಲ್ಕು ಗೆರೆಯಲ್ಲಿ ಅವ್ವನ ಬೆನ್ನು ಮೂಡಿ ನಿಂತಾಗ, ನಾನು ಹಿಂದಿನಿಂದ ಹೋಗಿ ತಬ್ಬಿಕೊಳ್ಳುತ್ತಿದ್ದ ಬೆನ್ನೇ ಅದು ಎಂದು ಗೊತ್ತಾಗಿ ಗೋಡೆಗೆ ಕೆನ್ನೆ ಒತ್ತಿ ನಿಂತುಬಿಟ್ಟೆ. ಕೆನ್ನೆಯೆಲ್ಲ ಮಸಿಯಾಯಿತು.

ನಮ್ಮ ಮನೆಯಲ್ಲಿ ಗಂಡಾಗಲಿ ಹೆಣ್ಣಾಗಲಿ ಬೆಳಿಗ್ಗೆ ಲಿಂಗಪೂಜೆ ಮಾಡದೆ ತಿಂಡಿ ತಿನ್ನುವಂತಿರಲಿಲ್ಲ. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಬೇರೆಲ್ಲವನ್ನೂ ಬಿಟ್ಟು ಅದರ ಮೇಲೇ ದೃಷ್ಟಿ ನಿಲ್ಲಿಸಬೇಕು. ನನ್ನ ದೃಷ್ಟಿ ನೊಣದ ಮೇಲೆ, ಒಲೆಯ ಮೇಲಿನ ಉಪ್ಪಿಟ್ಟಿನ ಮೇಲೆ, ಪಡಸಾಲೆಯ ಪಟದ ಮೇಲೆ ಓಡಾಡುತ್ತಿತ್ತು. ಅಜ್ಜಿ ಮಂಡಿಗೆ ತಟ್ಟುತ್ತಿದ್ದಳು: "ನೋಡೂಂದ್ರೆ ನೋಡ್ಬೇಕು ಕಣೇ. ಕಣ್ಣು ಬುಟ್ಕೊಂಡು ಕೂತ್ರೆ ನೋಡ್ದಂಗಾ?" ಆ ಮಾತಿಗೆ ನಾನು ಅಜ್ಜಿಗೆ ಋಣಿ, ಬೇರೆ ಯಾವುದಕ್ಕೂ ಅಲ್ಲ. ಕತ್ತಲ ಕೋಣೆಯಲ್ಲಿ ಒಂದು ಮೊಣಕೈಯನ್ನು ನೆನಪಿನಿಂದ ಹಿಡಿದು ಗೋಡೆಗೆ ತರುವಾಗ ನನ್ನ ಕಣ್ಣು ಅಲ್ಲಾಡುತ್ತಿರಲಿಲ್ಲ, ಉಸಿರು ನಿಧಾನವಾಗುತ್ತಿತ್ತು, ನಾನು ಎನ್ನುವವಳು ಅಷ್ಟು ಹೊತ್ತು ಎಲ್ಲೂ ಇರುತ್ತಿರಲಿಲ್ಲ. ಅಂಗೈಯಲ್ಲಿ ಸಿಗದೆ ಹೋದದ್ದು ಆ ಮಸಿ ಗೋಡೆಯಲ್ಲಿ ಸಿಕ್ಕಿತು. ದೇವರು ಎಂದರೆ ಇದೇ ಇರಬೇಕು ಎಂದು ಹದಿನೈದರಲ್ಲಿ ಧೈರ್ಯವಾಗಿ ಅಂದುಕೊಂಡೆ. ಈಗ ಅಷ್ಟು ಧೈರ್ಯ ಇಲ್ಲ, ಆದರೆ ಬೇರೆ ದಾರಿಯಲ್ಲಿ ದೇವರು ನನಗೆ ಸಿಕ್ಕಿಲ್ಲ ಎನ್ನುವುದೂ ನಿಜ.

ಚಿತ್ರ ಬರೆದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎಂದು ಈಚೆಗೆ ಕೆಲವರು ನನಗೆ ಹೇಳುತ್ತಾರೆ. ಯಾವ ಶಾಂತಿಯೋ ಕಾಣೆ. ನನಗೆ ಸಿಕ್ಕಿದ್ದು ಸಿಟ್ಟನ್ನು ಎಲ್ಲೆಂದರಲ್ಲಿ ಚೆಲ್ಲದೆ ಒಂದು ಕಡೆ ಹಿಡಿದು ನಿಲ್ಲುವ ತಾಕತ್ತು. ಕುಂಚ ಹಿಡಿದಾಗಲೂ ಅಪ್ಪನ ಮೇಲೆ ನನಗೆ ಅಷ್ಟೇ ಸಿಟ್ಟಿತ್ತು. ಕೈ ಮಾತ್ರ ನಡುಗುತ್ತಿರಲಿಲ್ಲ.

ಮುಖವೊಂದು ಬರಲೇ ಇಲ್ಲ. ಬೆನ್ನು, ಕೈ, ಕಾಲು ಎಲ್ಲ ಬಂದು, ತಿರುಗಿದರೆ ಗೋಡೆ ಚಿಕ್ಕಮ್ಮ.

ನನಗೆ ಹದಿನೆಂಟು ತುಂಬಿದಾಗ ದಬ್ಬೇಘಟ್ಟದ ಕಡೆಯಿಂದ ಒಂದು ಸಂಬಂಧ ಬಂತು. ನೀರಾವರಿ ಗದ್ದೆ ಇರುವ ಮನೆ. ಬೆಳಿಗ್ಗೆ ಹತ್ತರ ಬಸ್ಸಿಗೆ ಗಂಡಿನ ಅಪ್ಪ, ಅಮ್ಮ, ಸೋದರಮಾವ ಬಂದು ಪಡಸಾಲೆಯ ಜಮಖಾನದ ಮೇಲೆ ಕೂತರು. ನನ್ನನ್ನು ಎದುರಿಗೆ ಕೂರಿಸಿದರು. ಚಿಕ್ಕಮ್ಮ ತಲೆಗೆ ಸೆರಗು ಹೊದ್ದು, ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು ಪಟದ ಕೆಳಗೇ ನಿಂತಿದ್ದಳು.

ಗಂಡಿನ ತಾಯಿ ನನ್ನನ್ನು ನೋಡಿ, ಪಟ ನೋಡಿ, ಕಣ್ಣು ಒರೆಸಿಕೊಂಡಳು. "ಪಾಪ, ಹುಡ್ಗಿ ಥೇಟ್ ಹೆತ್ತವ್ವನ ಹಂಗೇ ಅವ್ಳೆ ಕಣ್ರೀ."

ಅಪ್ಪ ತಲೆಯಾಡಿಸಿದ. "ಅವ್ಳದೇ ರೂಪು" ಎಂದ.

ನಾನು ಸುಮ್ಮನಿರಬಹುದಿತ್ತು. ಎಂಟು ವರ್ಷ ಸುಮ್ಮನಿದ್ದವಳಿಗೆ ಇನ್ನೊಂದು ಗಂಟೆ ಏನು ಕಷ್ಟ? ಆದರೆ ನನ್ನ ಅವ್ವನ ರೂಪು ನನಗೇ ಗೊತ್ತಿಲ್ಲದ ಹಾಗೆ ಮಾಡಿದವನು ಅದನ್ನು ಕಂಡವನ ಹಾಗೆ ತಲೆಯಾಡಿಸಿದ್ದು ನನಗೆ ತಡೆಯಲಾಗಲಿಲ್ಲ.

"ಅದು ನಮ್ಮವ್ವ ಅಲ್ಲ" ಎಂದೆ. "ಕಾಫಿ ತಟ್ಟೆ ಹಿಡ್ಕೊಂಡು ನಿಂತವ್ಳಲ್ಲ, ಅವ್ಳು. ನಮ್ಮಪ್ಪಂಗೆ ನಮ್ಮವ್ವನ ಮುಖ ಗ್ಯಾಪ್ಕ ಇಲ್ಲ. ಅದ್ಕೇ ಇವ್ಳನ್ನ ಕೂರ್ಸಿ ತೆಗ್ಸವ್ನೆ."

ಮೂವರೂ ಒಟ್ಟಿಗೆ ತಲೆ ಎತ್ತಿ ಪಟ ನೋಡಿದರು, ಆಮೇಲೆ ಅದರ ಕೆಳಗೆ ನಿಂತವಳನ್ನು ನೋಡಿದರು. "ಬದ್ಕಿರೋಳ್ಗೆ ವಿಭೂತಿ ಹಚ್ಚಿ ಹೂ ಏರುಸ್ತಾರಾ! ಅಪಶಕುನ ಕಣ್ರೀ, ಏಳಿ ಏಳಿ" ಎಂದು ಸೋದರಮಾವ ಎದ್ದ. ಕಾಫಿ ಕುಡಿಯದೆ ಹೊರಟುಹೋದರು. ಅವರು ಬೇಲಿ ದಾಟುವ ತನಕ ಅಪ್ಪ ತಾಳಿಕೊಂಡಿದ್ದು, ಒಳಗೆ ಬಂದು ನನ್ನ ಕೆನ್ನೆಗೆ ಬಾರಿಸಿದ. ಮರ್ಯಾದೆ ತೆಗೆದೆ ಎಂದ. ನಿನಗಾಗಿ ಎರಡನೆಯ ಮದುವೆ ಮಾಡಿಕೊಂಡೆ ಎಂದ. ಅಜ್ಜಿ ನನಗೆ ಹುಚ್ಚು ಹಿಡಿದಿದೆ ಎಂದಳು. ನಾನು ಅವರಿಬ್ಬರ ನಡುವೆ ತೂರಿಕೊಂಡು ಕತ್ತಲ ಕೋಣೆಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಬಂದಳು. ಮಟ್ಟೆ ಹಚ್ಚುವುದಕ್ಕೆ ಬಂದಿದ್ದಾಳೆ ಎಂದುಕೊಂಡೆ. ಅವಳು ಕೈ ಕಟ್ಟಿಕೊಂಡು ಗೋಡೆಯ ಮೇಲಿದ್ದ ನನ್ನ ಗೆರೆಗಳನ್ನು ನೋಡುತ್ತ ನಿಂತಳು.

"ಐದು ವರ್ಷದಿಂದ ನೋಡ್ತಾವ್ನಿ" ಎಂದಳು. "ಮಳೆ ಹಿಡ್ದಾಗೆಲ್ಲ ನಾನೇ ತಾನೆ ಇಲ್ಲಿ ಹೊಗೆ ಹಾಕೋಳು. ನೀನು ಬರ್ದಿದ್ರೆ ಆ ಗೋಡೆ ಬುಟ್ಟು ಈ ಗೋಡೆ ತಾವ ಮಟ್ಟೆ ಹಚ್ತಿದ್ದೆ, ನಾಕು ದಿನ ಜಾಸ್ತಿ ಉಳೀಲಿ ಅಂತ. ಅಕ್ಕನ ಬೆನ್ನು ಸರ್ಯಾಗಿ ಬರ್ದಿದ್ದೆ. ಮೊಣಕೈನೂ ಸರಿ. ಮುಖಕ್ಕೆ ಬಂದ್ರೆ ನನ್ನೇ ಬರ್ದು, ಒರ್ಸಿ, ಉಗ್ದು ಹೋಗ್ತಿದ್ದೆ."

ಅವಳ ಕಣ್ಣು ಒಣಗಿತ್ತು. ದನಿ ಮಾತ್ರ ಏರುತ್ತ ಹೋಯಿತು.

"ನಿಂಗೆ ಅವ್ವನ ಮುಖ ಕಳ್ದೋಯ್ತು ಅಂತ ಸಿಟ್ಟು. ಇವತ್ತು ಆ ಜನದ್ ಮುಂದೆ ಹೇಳ್ದೆ, ಸರಿ, ಹೇಳು. ನನ್ ಮುಖ ಏನಾಯ್ತು ಅಂತ ಒಬ್ರು ಕೇಳಿದ್ರೇನೆ? ದಿನಾ ಬೆಳಿಗ್ಗೆ ಎದ್ದು ನನ್ನ ಹೆಣಕ್ಕೆ ನಾನೇ ಹೂ ಏರುಸ್ತೀನಿ. ಎರಡು ಸಲ ಬಸುರು ನಿಲ್ಲಲಿಲ್ಲ. ಎರಡು ಸಲಾನೂ ಆ ಪಟದ ಮುಂದೆ ನಿಂತ್ಕಂಡು ಅಂದ್ಕಂಡೆ, ಸತ್ತೋಳು ಎಲ್ಲಾದ್ರೂ ಹೆರ್ತಾಳಾ ಅಂತ. ನೀನು ಪದ ಕಟ್ಕೊಂಡು ಹಾಡ್ತಿದ್ದೆ."

ನನ್ನ ಸಿಟ್ಟು ಅಷ್ಟು ವರ್ಷ ಬೇರೆಯವರ ಕಡೆಗೇ ಮುಖ ಮಾಡಿ ನಿಂತಿತ್ತು. ಆವತ್ತು ನನ್ನ ಕಡೆಗೆ ತಿರುಗಿತು. ನಾಚಿಕೆ ಎನ್ನುವ ಮಾತು ಅದಕ್ಕೆ ಸಾಲದು.

ಚಿಕ್ಕಮ್ಮ ಮಟ್ಟೆಯ ರಾಶಿಯ ಮೇಲೆ ಕೂತು, ಸೆರಗು ಜಾರಿಸಿ, ತಲೆ ಎತ್ತಿದಳು. "ಬರಿ. ಅಕ್ಕನ್ನಲ್ಲ, ನನ್ನ. ಬದುಕವ್ಳೆ ಅಂತ ಗೊತ್ತಾಗೋ ಹಂಗೆ ಒಂದೇ ಒಂದು ಸಲ ಬರಿ" ಎಂದಳು.

ಬಾಗಿಲನ್ನು ಪೂರ್ತಿ ತೆರೆದು ಬೆಳಕು ಬಿಟ್ಟೆ. ಸುಣ್ಣ ಕಲಸಿದೆ. ಎಂಟು ವರ್ಷ ಒಂದೇ ಸೂರಿನಡಿ ಇದ್ದವಳನ್ನು ನಾನು ಆವತ್ತಿನ ತನಕ ನೋಡಿಯೇ ಇರಲಿಲ್ಲ. ಅವಳ ಮುಖ ಪಟದಲ್ಲಿದ್ದ ಮುಖವೂ ಆಗಿರಲಿಲ್ಲ. ಹಣೆ ಅಗಲ. ಹುಬ್ಬಿನ ನಡುವೆ ಉಗುರಿನಿಂದ ಗೀರಿದಂಥ ಎರಡು ಗೆರೆ. ಕೆಳತುಟಿಯನ್ನು ಒಳಗಿನಿಂದ ಕಚ್ಚಿ ಹಿಡಿದುಕೊಳ್ಳುವ ಅಭ್ಯಾಸ, ಅದರಿಂದ ಬಾಯಿಯ ಒಂದು ಮೂಲೆ ಕೆಳಕ್ಕೆ ಇಳಿದಿತ್ತು. ಇಪ್ಪತ್ತೇಳು ವರ್ಷಕ್ಕೇ ಕಿವಿಯ ಮೇಲೆ ನಾಲ್ಕು ನರೆಗೂದಲು. ಒಂದೊಂದನ್ನೂ ನೋಡಿದೆ, ಒಂದೊಂದನ್ನೂ ಬರೆದೆ. ಒಂದು ಗೆರೆ ಎಳೆಯುವಾಗಲೂ ಅವ್ವ ನೆನಪಾಗಲಿಲ್ಲ.

ಮುಗಿದ ಮೇಲೆ ಅವಳು ಎದ್ದು ಬಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. "ನಾನು ಇಷ್ಟು ಸಿಟ್ಟಿನೋಳಾ?" ಎಂದು ಕೇಳಿದಳು.

"ಹೂಂ" ಎಂದೆ.

"ಸರೀಗೈತೆ ಬುಡು" ಎಂದು ನಕ್ಕಳು. ನಕ್ಕಾಗ ಅವಳ ಎರಡು ಕಣ್ಣೂ ಒಂದೇ ಸಮ ಇದ್ದವು. ಒಂದೇ ಸಮ! ಅವ್ವ ನಕ್ಕರೆ ಎಡಗಣ್ಣು ಪೂರ್ತಿ ಮುಚ್ಚಿ, ಬಲಗಣ್ಣು ಒಂದೇ ತೆರೆದಿರುತ್ತಿತ್ತು, ಕೆನ್ನೆ ಆ ಕಡೆಗೆ ಎಳೆದುಕೊಳ್ಳುತ್ತಿತ್ತು. ನನಗೆ ಅದು ನಿಂತ ನಿಲುವಿನಲ್ಲೇ ಕಂಡಿತು. ಒಂದು ಮುಖ ಅದರ ಒಡತಿಗೆ ವಾಪಸು ಹೋದ ಮೇಲೆ ಇನ್ನೊಂದಕ್ಕೆ ನನ್ನ ತಲೆಯಲ್ಲಿ ಜಾಗವಾಗಿತ್ತು. ಕೈಗೆ ಸಿಕ್ಕ ಸುಣ್ಣದಲ್ಲಿ, ಕುಂಚವನ್ನೂ ಬಿಟ್ಟು ಬೆರಳಿನಿಂದ, ಚಿಕ್ಕಮ್ಮನ ಪಕ್ಕದಲ್ಲೇ ಬರೆದೆ. ಮುಚ್ಚಿದ ಎಡಗಣ್ಣು, ಎಳೆದ ಕೆನ್ನೆ, ನನ್ನನ್ನು ಬೈಯುವುದಕ್ಕೆ ಹೊರಟು ನಗು ಬಂದುಬಿಟ್ಟ ಬಾಯಿ. ಗದ್ದದ ಕಲೆಗೆ ಕೆಮ್ಮಣ್ಣು ಅದ್ದಿ ಹೆಬ್ಬೆರಳು ಒತ್ತಿದೆ.

"ಅಕ್ಕ" ಎಂದು ಚಿಕ್ಕಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಸ್ಟುಡಿಯೋದ ಕುರ್ಚಿಯಲ್ಲಿ ನಿಲ್ಲಿಸಬೇಕಾಗಿ ಬಂದ ಅಳುವನ್ನು ಆವತ್ತು ಪೂರ್ತಿ ಅತ್ತಳು. ನಾನೂ ಅತ್ತೆ. ಅತ್ತರೆ ಸಿಟ್ಟು ಕರಗುತ್ತದೆ ಎನ್ನುತ್ತಾರೆ, ಸುಳ್ಳು. ಇಬ್ಬರದೂ ಹಾಗೇ ಉಳಿಯಿತು, ಒಬ್ಬರ ಮೇಲೊಬ್ಬರಿಗೆ ಇರಲಿಲ್ಲ ಅಷ್ಟೆ.

ಮಳೆ ಹತ್ತಿರ ಬಂದಿತ್ತು, ಅಟ್ಟದ ತುಂಬ ಕಾಯಿ ಇತ್ತು. ಚಿತ್ರ ಉಳಿಸಿಕೊಳ್ಳೋಣ, ಆ ಕೋಣೆಯಲ್ಲಿ ಹೊಗೆ ಹಾಕುವುದು ಬೇಡ ಎಂದು ನಾನು ಹೇಳಿದೆ. "ನಿಂಗೆ ಈಗ ಬರ್ಯೋಕ್ ಬತ್ತದಲ್ಲ, ತಿರ್ಗಾ ತಿರ್ಗಾ ಬರಿ" ಎಂದು ಚಿಕ್ಕಮ್ಮ ಎಂದಿನ ಹಾಗೆ ಮಟ್ಟೆ ಹಚ್ಚಿದಳು. ಒಂದು ತಿಂಗಳಿಗೆ ಇಬ್ಬರೂ ಕಪ್ಪಾದರು. ಮತ್ತೆ ಬರೆದೆ. ಆಮೇಲೆ ಅವ್ವ ಎಂದೂ ತಪ್ಪಿಸಿಕೊಂಡು ಹೋಗಲಿಲ್ಲ.

ಆ ವರ್ಷದ ಎಡೆಯ ದಿನ ಹೋಳಿಗೆ, ಕಾಯಿಹಾಲು, ಅವರೆಬೇಳೆ ಸಾರು ಆಗಿತ್ತು. ಅಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಹೂವಿನ ತಟ್ಟೆ ಹಿಡಿದುಕೊಂಡು ಪಡಸಾಲೆಗೆ ಬಂದ. ಗೋಡೆಯ ಮೇಲೆ ಮೊಳೆ ಇತ್ತು, ಪಟ ಇರಲಿಲ್ಲ. ಕೆಳಗೆ ಬಾಳೆಲೆ ಹಾಸಿ, ಅವ್ವನ ಹಸಿರು ಸೀರೆ ಮಡಿಸಿಟ್ಟಿತ್ತು. ಅಜ್ಜಿ ಕಂಬಕ್ಕೆ ಒರಗಿ ಕೂತವಳು ಬಾಯಿ ತೆರೆದು ನೋಡುತ್ತಿದ್ದಳು.

"ಪಟ ಎಲ್ಲೇ?" ಎಂದು ಅಪ್ಪ ನನ್ನ ಕಡೆ ತಿರುಗಿ ಗುಡುಗಿದ.

ಚಿಕ್ಕಮ್ಮ ಅಡಿಗೆಮನೆಯಿಂದ ತುಪ್ಪದ ಬಟ್ಟಲು ಹಿಡಿದುಕೊಂಡು ಬಂದಳು. ಸೆರಗು ತಲೆಯ ಮೇಲೆ ಇರಲಿಲ್ಲ. ಅಪ್ಪನ ಎದುರಿಗೆ, ಒಂದು ಮೊಳ ದೂರದಲ್ಲಿ ನಿಂತಳು.

"ಅವ್ಳನ್ಯಾಕೆ ಕೇಳ್ತೀರಿ? ತೆಗ್ದೋಳು ನಾನು. ಪಟದಾಗಿದ್ದೋಳು ಇಲ್ಲೇ ನಿಂತವ್ಳೆ. ಹೂ ಹಾಕ್ಬೇಕು ಅನ್ಸುದ್ರೆ ಇಲ್ಲೇ ಮುಡ್ಸಿ."

ಅಪ್ಪ ಅವಳನ್ನು ನೋಡಿದ. ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವಾಗ ಇರುತ್ತಿದ್ದಷ್ಟು ಗಮನವೂ ಆ ನೋಟದಲ್ಲಿ ಇರಲಿಲ್ಲ. ಹೂವಿನ ತಟ್ಟೆಯನ್ನು ಜಗಲಿಯ ಮೇಲೆ ಕುಕ್ಕಿ, "ಊಟಕ್ಕೆ ಬಡ್ಸಿ" ಎಂದು ಮಣೆಯ ಮೇಲೆ ಕೂತ. ಅಷ್ಟೇ. ನನಗೆ ಅವನ ಮೇಲಿನ ಸಿಟ್ಟು ಕಡಿಮೆಯಾಗದೆ ಇರುವುದಕ್ಕೆ ಅದೊಂದು ಗಳಿಗೆ ಸಾಕು.

ಚಿಕ್ಕಮ್ಮ ಹೂವನ್ನು ಎರಡು ಪಾಲು ಮಾಡಿದಳು. ಒಂದನ್ನು ಅಕ್ಕನ ಸೀರೆಯ ಮೇಲಿಟ್ಟಳು. ಇನ್ನೊಂದನ್ನು ತಾನೇ ಜಡೆಗೆ ಮುಡಿದುಕೊಂಡು, ಬಗ್ಗಿ, ಅಪ್ಪನ ಎಲೆಯ ಹೋಳಿಗೆಗೆ ತುಪ್ಪ ಬಡಿಸಿದಳು.